ಬೆಳಕಿನ ಕೆಳಗೆ ಕೂಗಬಾರದು

"ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ?"

ದೊಡ್ಡಿಯೊಳಗಿದ್ದ ಅಷ್ಟೂ ಜನರ ಕೈ ಗಕ್ಕನೆ ನಿಂತಿತು. ಕಾಫಿ ಬಗ್ಗಿಸುತ್ತಿದ್ದ ಯೋವ್ನಾ ದೊಡ್ಡಪ್ಪ ಲೋಟ ತುಂಬಿ ಕಾಫಿ ಹಿಮಕ್ಕೆ ಸುರಿಯುತ್ತಿದ್ದರೂ ಗಮನಿಸಲಿಲ್ಲ.

ರಿಸ್ತೆನ್ ನಿಧಾನವಾಗಿ ತಿರುಗಿದಳು. ಬೇಲಿಯಾಚೆ ಒಬ್ಬ ಎತ್ತರದ ಯುವಕ ನಿಂತಿದ್ದ. ಹೊಸ ನೀಲಿ ಕೋಟು, ಪಟ್ಟಣದ ಬೂಟು, ಚಳಿಗೆ ಕೆಂಪಾದ ಕಿವಿ... ಮುಖದಲ್ಲಿ ಮಾತ್ರ ಏನೂ ಅರಿಯದ ನಗು!

"ನಿಮ್ಮ ಬ್ಯಾಂಕಲ್ಲಿ ಎಷ್ಟಿದೆ?" ಎಂದಳು ರಿಸ್ತೆನ್.

"ಏನಂದ್ರಿ?"

"ಕೇಳಿಸಲಿಲ್ವಾ? ನಿಮ್ಮ ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ ಅಂತ ಕೇಳಿದೆ. ಗಟ್ಟಿಯಾಗಿ ಹೇಳಿ, ಊರೆಲ್ಲಾ ಇಲ್ಲೇ ಇದೆ!"

ಯಾರೋ ಕಿಸಕ್ಕನೆ ನಕ್ಕರು. ಯುವಕನ ಕಿವಿಯ ಕೆಂಪು ಕೆನ್ನೆಗೂ ಇಳಿಯಿತು.

"ಅಯ್ಯೋ... ನಾನು ಸುಮ್ಮನೆ ಮಾತಿಗೆ ಕೇಳಿದೆ..."

"ಮಾತಿಗೆ ಬೇರೇನೂ ಸಿಗಲಿಲ್ವಾ? ಚಳಿ ಇದೆ, ಗಾಳಿ ಇದೆ, ನಿಮ್ಮ ಆ ಬೂಟು ಇದೆ!"

"ಬೂಟಿಗೇನಾಗಿದೆ?"

"ಇನ್ನು ಸ್ವಲ್ಪ ಹೊತ್ತು ನಿಂತಿರಿ, ನಿಮ್ಮ ಕಾಲ್ಬೆರಳುಗಳೇ ಹೇಳ್ತವೆ."

ಹೀಗಿತ್ತು ನೋಡಿ ಅವರಿಬ್ಬರ ಮೊದಲ ಭೇಟಿ. ಮೊದಲ ನೋಟದಲ್ಲೇ ಹೃದಯ ಕಳೆದುಕೊಂಡವರ ಕಥೆ ನೀವು ಬೇಕಾದಷ್ಟು ಓದಿರುತ್ತೀರಿ. ನಮ್ಮ ರಿಸ್ತೆನ್ ಕಳೆದುಕೊಂಡದ್ದು ತಾಳ್ಮೆ. ಅದೂ ಅವಳ ಬಳಿ ಮೊದಲಿನಿಂದಲೂ ಅಷ್ಟಕ್ಕಷ್ಟೇ ಇತ್ತು.

ಬಂದವನ ಹೆಸರು ಆಲ್ರಿಕ್. ದಕ್ಷಿಣದ ವಿಶ್ವವಿದ್ಯಾಲಯದಿಂದ ಬಂದ ವಿಜ್ಞಾನಿ. ಕಾಡಿನಾಚೆಯ ರಾಕೆಟ್ ಕೇಂದ್ರದಿಂದ, ಚಳಿಗಾಲದ ರಾತ್ರಿ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕಿನೊಳಕ್ಕೆ ಒಂದು ರಾಕೆಟ್ ಹಾರಿಸಲು ಬಂದಿದ್ದ. ಐದು ವರ್ಷ ಕೂತು ಕಟ್ಟಿದ ಒಂದೇ ಒಂದು ರಾಕೆಟ್.

ಹಾರಿದ್ದು ಎಲ್ಲಾದರೂ ಬೀಳಲೇಬೇಕಲ್ಲ? ಅದು ಬೀಳುವುದು ಉತ್ತರದ ಬಯಲಿಗೆ. ಈ ಚಳಿಗಾಲ ಬೇರೆ ಕಡೆಯೆಲ್ಲ ಮಳೆ ಬಿದ್ದು ಹಿಮ ಕಲ್ಲಾಗಿತ್ತು. ಗೊರಸಿನಿಂದ ಕೆದರಿದರೆ ಹಿಮಸಾರಂಗಕ್ಕೆ ತಿನ್ನಲು ಬಿಳಿ ಪಾಚಿ ಸಿಗುತ್ತಿದ್ದದ್ದು ಆ ಬಯಲಿನಲ್ಲಿ ಮಾತ್ರ. ಊರಿನ ಹಿಂಡಿನ ಗಬ್ಬದ ಹೆಣ್ಣುಗಳೆಲ್ಲ ಅಲ್ಲೇ ಇದ್ದವು. ಹಿಂಡು ಬಯಲಲ್ಲಿರುವಾಗ ಊರಿನವರು 'ಹೂಂ' ಅನ್ನದೆ ಕೇಂದ್ರ ರಾಕೆಟ್ ಹಾರಿಸುವಂತಿಲ್ಲ. ಈ ವರ್ಷ ಆ 'ಹೂಂ' ಹೇಳುವ ಅಧಿಕಾರ ರಿಸ್ತೆನ್‌ಳದ್ದು.

ಅವಳು ಚಿಕ್ಕವಳಿದ್ದಾಗ ಒಮ್ಮೆ ಯಾರೋ ಕೇಳದೆಯೇ ಹಾರಿಸಿದ್ದರು. ಹಿಂಡು ಬೆದರಿ ದಿಕ್ಕಾಪಾಲಾಗಿ ಓಡಿತು, ಎಷ್ಟೋ ಮರಳಲೇ ಇಲ್ಲ. ಆಮೇಲೆ ಅವಳ ಅಪ್ಪ ಹಿಮಸಾರಂಗ ಹಿಡಿಯುವ ಕುಣಿಕೆ ಹಗ್ಗವನ್ನು ಗೂಟಕ್ಕೆ ನೇತುಹಾಕಿ ಗಣಿ ಕೆಲಸಕ್ಕೆ ಹೋದರು. ಮತ್ತೆ ಆ ಹಗ್ಗ ಮುಟ್ಟಲಿಲ್ಲ. ಮುಟ್ಟಿದ್ದು ಮಗಳು.

"ದಿನಾ ಮಧ್ಯಾಹ್ನ ಫೋನ್ ಮಾಡಿ," ಎಂದಳು ಅವಳು. "ಒಂದು ದಿನ ಕೇಳದೆ ಹಾರಿಸಿದ್ರೋ... ನೋಡಿ ಮತ್ತೆ!"

"ಮಾಡ್ತೀನಿ," ಎಂದ ಆಲ್ರಿಕ್. ನಂತರ ಮೆಲ್ಲಗೆ, "ಬೆರಳು ಹೇಳ್ತಾ ಇವೆ," ಎಂದು ಸೇರಿಸಿದ.

ರಿಸ್ತೆನ್‌ಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

* * *

ಮರುದಿನದಿಂದಲೇ ಫೋನ್ ಶುರುವಾಯಿತು.

"ಇವತ್ತು?"

"ಇಲ್ಲ. ಹಿಂಡು ಬಯಲಲ್ಲೇ ಇದೆ."

"ಸರಿ. ನಾಳೆ ಕೇಳ್ತೀನಿ."

ಮೊದಮೊದಲು ಇಷ್ಟೇ. ಆಮೇಲೆ ಒಂದೊಂದೇ ಮಾತು ಹೆಚ್ಚಾಯಿತು. ಅವನು ಹೊಸ ಬೂಟು ತಗೊಂಡ ಸುದ್ದಿ. ಊರಿನವರ ಹಾಗೆ ಕಾಫಿಗೆ ಒಣಮಾಂಸ ಹಾಕಿ ಕುಡಿಯಲು ಕಲಿತ ಸುದ್ದಿ. 'ಇಲ್ಲ' ಎಂದ ಮೇಲೂ ಫೋನ್ ಇಡಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ.

ಒಮ್ಮೆಯೂ ಅವನು 'ದಯವಿಟ್ಟು' ಎಂದು ಗೋಗರೆಯಲಿಲ್ಲ. 'ಬೇಗ ಹಿಂಡನ್ನ ಆಚೆ ಹೊಡೀರಿ' ಎನ್ನಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು. *ಇವನಿಗೆ ಆತುರವೇ ಇಲ್ಲವಾ? ಅಥವಾ ನಾಟಕವಾ?*

ಒಂದು ಸಂಜೆ ಅವಳೇ ಅವನನ್ನು ಹಿಮಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಯಲಿಗೆ ಕರೆದೊಯ್ದಳು. ಮೂರು ಗಂಟೆಗೆಲ್ಲ ಕತ್ತಲು. ಗುಡ್ಡದ ಮೇಲೆ ಬೆಳಕು ಎದ್ದಿತ್ತು, ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಹಸಿರು ಪಟ್ಟಿ, ಅಲುಗಾಡದೆ.

ಅವಳು ಎಂಜಿನ್ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟಳು. "ಬೆಳಕಿನ ಕೆಳಗೆ ಕೂಗಬಾರದು. ಅಜ್ಜಿ ಹೇಳ್ತಿದ್ಲು."

ಅವನು ನಗಲಿಲ್ಲ. ದನಿ ತಗ್ಗಿಸಿ, "ಪಿಸುಗುಟ್ಟಬಹುದಾ?" ಎಂದ.

"ವಿಜ್ಞಾನ ಹೇಳ್ತೀರಾ?"

"ಸ್ವಲ್ಪ."

"ಹೂಂ, ಸ್ವಲ್ಪ ಅಂದ್ರೆ ಸ್ವಲ್ಪವೇ."

"ಸೂರ್ಯನಿಂದ ಗಾಳಿ ಬೀಸುತ್ತೆ. ಕಣಗಳ ಗಾಳಿ. ನಮ್ಮ ಭೂಮಿ ಒಂದು ದೊಡ್ಡ ಆಯಸ್ಕಾಂತ. ಆ ಗಾಳಿ ಅದರ ಕಾಂತಬಲದ ಬಾಲವನ್ನ ಭೂಮಿಯ ಕತ್ತಲ ಕಡೆಗೆ ರಬ್ಬರಿನ ಹಾಗೆ ಎಳೀತಾ ಹೋಗುತ್ತೆ. ಎಳೆದೂ ಎಳೆದೂ ಒಂದು ಕ್ಷಣ ಪಟ್ ಅಂತ ಬಿಟ್ಟಾಗ ಕಣಗಳೆಲ್ಲ ನಮ್ಮ ಕಡೆ ನುಗ್ತವೆ. ಮೇಲಿನ ವಾತಾವರಣಕ್ಕೆ ಡಿಕ್ಕಿ ಹೊಡೆದು ಬೆಳಕಾಗ್ತವೆ. ಈ ಹಸಿರು ಇದೆಯಲ್ಲ, ಅದು ನೀವು ಉಸಿರಾಡೋ ಆಮ್ಲಜನಕವೇ."

"ಕೆಂಪು?"

"ಅದೂ ಆಮ್ಲಜನಕವೇ, ಇನ್ನೂ ಮೇಲಿನದು. ಏಟು ಬಿದ್ದ ಮೇಲೆ ಬೆಳಗೋಕೆ ಒಂದೆರಡು ನಿಮಿಷ ತಗೊಳ್ಳುತ್ತೆ. ಅಷ್ಟು ಹೊತ್ತು ಯಾರೂ ಬಂದು ತಾಗಬಾರದು. ತಾಗಿದ್ರೆ ಬೆಳಗೋದೇ ಇಲ್ಲ."

"ಪಾಪ, ನಾಚಿಕೆ ಸ್ವಭಾವ!"

"ಕೆಳಗಿನ ನೇರಳೆ ಅಂಚು ನೋಡಿದೀರಾ? ಸಾರಜನಕ. ಏಟು ಬಿದ್ದ ಕ್ಷಣಕ್ಕೇ ಹೊತ್ತಿಕೊಳ್ಳುತ್ತೆ." ಅವನು ಅವಳತ್ತ ನೋಡಿದ. "ಅದನ್ನ ನೋಡಿದಾಗೆಲ್ಲ ಈಗೀಗ ನಿಮ್ಮ ನೆನಪಾಗುತ್ತೆ."

ರಿಸ್ತೆನ್ ಅವನ ತೋಳಿಗೆ ಕೈಗವಸಿನಲ್ಲೇ ಒಂದು ಗುದ್ದಿದಳು. ಆಮೇಲೆ ಗಂಭೀರವಾಗಿ ಕೇಳಿದಳು. "ಇಷ್ಟೆಲ್ಲ ಗೊತ್ತಿದ್ದ ಮೇಲೆ ರಾಕೆಟ್ ಯಾಕೆ?"

"ಈ ಪಟ್ಟಿ ಸುಮ್ಮನಿದೆಯಲ್ಲ... ಇದ್ದಕ್ಕಿದ್ದ ಹಾಗೆ ಒಡೆದು ಕುಣಿಯುತ್ತೆ. ಯಾಕೆ ಆ ಕ್ಷಣ? ಒಳಗೆ ಏನಾಗುತ್ತೆ? ಬಲೂನು ಅಷ್ಟು ಎತ್ತರ ಹೋಗಲ್ಲ, ಉಪಗ್ರಹ ಅಷ್ಟು ಕೆಳಗೆ ಇಳಿಯಲ್ಲ. ಅದರ ಮಧ್ಯದಲ್ಲೇ ಹಾದುಹೋಗೋದು ರಾಕೆಟ್ ಮಾತ್ರ. ಒಂದೇ ಸಲ, ಕೆಲವೇ ನಿಮಿಷ." ಅವನ ಕಣ್ಣು ಪಟ್ಟಿಯ ಮೇಲೇ ಇತ್ತು. "ಚಿಕ್ಕವನಿದ್ದಾಗಿಂದ ನನಗೆ ಅದೊಂದೇ ಹುಚ್ಚು, ರಿಸ್ತೆನ್."

ಅವಳು ಮುಖ ತಿರುಗಿಸಿ ಎಂಜಿನ್ ಶುರು ಮಾಡಿದಳು. ಚಳಿಯಲ್ಲೂ ಕೆನ್ನೆ ಬಿಸಿಯಾಗಿತ್ತು.

* * *

ರಾಕೆಟ್‌ಗೆ ಗೊತ್ತುಮಾಡಿದ್ದ ಕೊನೆಯ ದಿನ ಬಂತು.

"ರಿಸ್ತೆನ್..." ಫೋನಿನಲ್ಲಿ ಅವನ ಉಸಿರು ಏರಿತ್ತು. "ಸೂರ್ಯನ ಮೇಲೆ ದೊಡ್ಡದೊಂದು ಸಿಡಿದಿದೆ. ಗಾಳಿ ಸಂಜೆಗೆ ಮುಟ್ಟುತ್ತೆ. ಇಂಥದ್ದನ್ನ ನಾನು ನೋಡೇ ಇಲ್ಲ. ಇವತ್ತು?"

ಅವಳು ಬಯಲಿನತ್ತ ನೋಡಿದಳು. ಗಬ್ಬದ ಹೆಣ್ಣುಗಳು ಹಿಮ ಕೆದರುತ್ತಿದ್ದವು. ನಡುವೆ ಕೊರಳಿಗೆ ಗಂಟೆ ಕಟ್ಟಿದ ಮುದಿ ಹೆಣ್ಣು, ಅಜ್ಜಿ ಅವಳಿಗೆ ಕೊಟ್ಟು ಹೋದದ್ದು.

'ಹೂಂ' ಎನ್ನಲು ನಾಲಗೆ ತುದಿಯವರೆಗೂ ಬಂತು. ನುಂಗಿಕೊಂಡಳು.

"ಇಲ್ಲ ಆಲ್ರಿಕ್. ಎಲ್ಲವೂ ಇಲ್ಲೇ ಇವೆ."

ಆ ಕಡೆ ಪೆನ್ನು ಮೇಜಿನ ಮೇಲೆ ಇಟ್ಟ ಸದ್ದು.

"ಸರಿ," ಎಂದ ಅವನು.

ಸಂಜೆ ಬೆಳಕು ಎದ್ದಾಗ ರಿಸ್ತೆನ್ ಮತ್ತು ದೊಡ್ಡಪ್ಪ ಹಿಂಡಿನ ಬಳಿಯಲ್ಲಿದ್ದರು. ಅದೇನು ಬೆಳಕು! ಹಸಿರು ಪಟ್ಟಿ ಒಡೆದು ನೂರು ಪರದೆಗಳಾಯಿತು. ಪರದೆಯ ಅಂಚು ನೇರಳೆಯಾಗಿ ಓಡಿತು, ನೆತ್ತಿಯ ಮೇಲೆ ರಕ್ತಗೆಂಪು ಹರಡಿತು. ಹಿಮದ ಮೇಲೆ ಹಿಮಸಾರಂಗಗಳ ನೆರಳು ಬಿತ್ತು. ದೊಡ್ಡಪ್ಪ ಟೊಪ್ಪಿ ತೆಗೆದು ನಿಂತರು.

*ಆಲ್ರಿಕ್ ನೋಡುತ್ತಿರಬೇಕು,* ಎಂದುಕೊಂಡಳು.

ಆಗ ಪಶ್ಚಿಮದಲ್ಲಿ ಒಂದು ಬಿಳಿ ಚುಕ್ಕೆ ಹೊತ್ತಿತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು! ಚುಕ್ಕೆಗಳು ಉಬ್ಬಿ, ನೀಲಿ ನೇರಳೆ ಮೋಡಗಳಾಗಿ ಬೆಳಕಿನ ನಡುವೆ ಹರಡಿದವು. ದೇವರು ಮಾಡಿದ್ದಲ್ಲ ಅದು, ಮನುಷ್ಯರು ಮಾಡಿದ್ದು. ರಾಕೆಟ್ ಉಗುಳಿದ ಹೊಗೆ!

*ಹಾರಿಸಿಬಿಟ್ಟ. ನಾನು ಇಲ್ಲ ಅಂದಮೇಲೂ... ಹಾರಿಸಿಬಿಟ್ಟ!*

ಅಪ್ಪ ಹಗ್ಗ ನೇತುಹಾಕಿದ ದಿನ ಕಣ್ಣಮುಂದೆ ಬಂತು. ರಿಸ್ತೆನ್‌ಳ ಗಂಟಲಿನಿಂದ ಒಂದು ಕೂಗು ಹೊರಟಿತು. ಅವನ ಹೆಸರು, ಅದರ ಹಿಂದೆ ಒಂದು ಬೈಗುಳ. ಕೈಯಲ್ಲಿದ್ದ ಕೋಲನ್ನು ಎತ್ತಿ ಆಕಾಶದತ್ತ ಬೀಸಿದಳು.

ಆಮೇಲೆ ಎಲ್ಲ ಕಣ್ಣೆವೆ ಇಕ್ಕುವಷ್ಟರಲ್ಲಿ ಮುಗಿಯಿತು. ಹಿಂಡು ಬಯಲು ಬಿಟ್ಟು ನದಿಯತ್ತ ನುಗ್ಗಿತು. ಗಂಟೆಯ ಮುದಿ ಹೆಣ್ಣು ಮುಂದೆ. ನಡುನದಿಯಲ್ಲಿ ಮಂಜುಗಡ್ಡೆ ತೆಳುವಾಗಿದ್ದ ಕಡೆ ಲಟಕ್ಕೆಂದ ಸದ್ದು...

ಉಳಿದವು ಹಿಂದಕ್ಕೆ ತಿರುಗಿದವು. ಆ ಒಂದು ತಿರುಗಲಿಲ್ಲ. ರಿಸ್ತೆನ್ ಹೊಟ್ಟೆಯ ಮೇಲೆ ತೆವಳುತ್ತಾ ಹೋಗಿ ಕೊಂಬಿಗೆ ಕುಣಿಕೆ ಎಸೆದಳು. ದೊಡ್ಡಪ್ಪ ಅವಳ ಕಾಲು ಹಿಡಿದು ಎಳೆಯದಿದ್ದರೆ ಅವಳೂ ಹೋಗುತ್ತಿದ್ದಳು. ಹಗ್ಗ ಸಡಿಲವಾಗಿ ವಾಪಸ್ ಬಂತು.

* * *

ಮರುದಿನ ಚರ್ಚಿನ ಪಕ್ಕದ ಸಭಾಗೃಹದಲ್ಲಿ ಊರಿನವರೂ ಕೇಂದ್ರದವರೂ ಕಾಫಿಗೆ ಸೇರಿದ್ದರು. ತಿಂಗಳಿಗೊಮ್ಮೆಯ ವಾಡಿಕೆ. ಆಲ್ರಿಕ್ ಒಂದು ಮೂಲೆಯಲ್ಲಿ ಕೂತಿದ್ದ. ನಿದ್ದೆಗೆಟ್ಟ ಕಣ್ಣು.

ರಿಸ್ತೆನ್ ನೇರ ಅವನ ಮುಂದೆ ಹೋಗಿ ನಿಂತಳು.

"ಮಾನ ಮರ್ಯಾದೆ ಇದೆಯಾ ನಿನಗೆ?"

ಎಲ್ಲರ ತಲೆ ಇತ್ತ ತಿರುಗಿತು. ಆಲ್ರಿಕ್ ಎದ್ದು ನಿಂತ. "ರಿಸ್ತೆನ್, ಏನಾಯ್ತು?"

"ಏನಾಯ್ತು ಅಂತ ನನ್ನ ಕೇಳ್ತೀಯಾ! ದಿನಾ ಫೋನು, ದಿನಾ ಸಿಹಿಮಾತು. ಕೆಂಪಂತೆ, ಹಸಿರಂತೆ! ನಾನು ಇಲ್ಲ ಅಂದೆ. ನೀನು ಸರಿ ಅಂದೆ. ಫೋನ್ ಇಟ್ಟು ಹಾರಿಸಿದೆ! ನನ್ನ ಅಜ್ಜಿಯ ಹೆಣ್ಣು ನದಿ ಪಾಲಾಯ್ತು, ಗೊತ್ತಾ? ಹೊಟ್ಟೆಯಲ್ಲಿ ಮರಿ ಇತ್ತು!"

ಅವನ ಮುಖ ಬಿಳಿಚಿಕೊಂಡಿತು. "ನಾನು..."

"ಬಾಯಿ ಮುಚ್ಚು! ನಿಮ್ಮಂಥವರಿಗೆ ನಮ್ಮ ಮಾತು ಅಂದ್ರೆ ಕಾಲಕಸ. ಕೇಳಿದ ಹಾಗೆ ಮಾಡೋದು, ಬೇಕಾದ್ದು ಮಾಡೋದು. ಕಳ್ಳ!"

ಕಳ್ಳ! ಆ ಮಾತು ಬಿದ್ದ ಮೇಲೆ ಆಲ್ರಿಕ್‌ನ ಕಣ್ಣಿನಲ್ಲಿ ಬೇರೇನೋ ಹೊತ್ತಿತು. ಮೃದು ಮನುಷ್ಯರ ಸಿಟ್ಟು ನೋಡಿದ್ದೀರಾ? ಅದು ಕೂಗುವುದಿಲ್ಲ.

"ನಿಮ್ಮ ಹೆಣ್ಣು ಹೋದದ್ದಕ್ಕೆ ನಿಜವಾಗಲೂ ನೋವಾಯ್ತು," ಎಂದ. ಒಂದೊಂದೇ ಮಾತು. "ಉಳಿದದ್ದಕ್ಕೆ ನಾನು ಉತ್ತರ ಕೊಡಲ್ಲ. ಇಷ್ಟು ದಿನ ಮಾತಾಡಿದ ಮೇಲೂ ನನ್ನ ಬಗ್ಗೆ ನಿಮಗೆ ಅನಿಸೋದು ಇದೇ ಆದ್ರೆ, ಆಣೆ ಪ್ರಮಾಣ ಮಾಡಿ ನಂಬಿಸೋ ಗತಿ ನನಗೆ ಬೇಡ. ಹೋಗಿ. ನೀವೇ ಹೋಗಿ ನೋಡಿ."

ಕೋಟು ತೆಗೆದುಕೊಂಡು ಹೊರಟೇಹೋದ.

"ನೋಡ್ತೀನಿ!" ರಿಸ್ತೆನ್ ಬೆನ್ನ ಹಿಂದಿನಿಂದ ಕೂಗಿದಳು. "ನೋಡದೆ ಬಿಡ್ತೀನಾ!"

* * *

ದೊಡ್ಡಪ್ಪನ ಜೊತೆ ಅವಳು ಕೇಂದ್ರದ ಬಾಗಿಲಿಗೆ ಬಂದಾಗ ಅಲ್ಲಿನ ಮುಖ್ಯಸ್ಥೆ ಗುನ್ವೋರ್ ಹೊರಗೇ ನಿಂತಿದ್ದಳು. ನರೆಗೂದಲಿನ ಗಟ್ಟಿ ಹೆಂಗಸು.

"ಬೈಯೋದಿದ್ರೆ ಆಮೇಲೆ ಬೈ," ಎಂದಳು. "ಮೊದಲು ಒಳಗೆ ಬಾ."

ಎತ್ತರದ ಕಬ್ಬಿಣದ ಬಾಗಿಲು ಸರಿಯಿತು. ಒಳಗೆ ಹಳದಿ ದೀಪ. ಉದ್ದನೆಯ ಹಳಿಯ ಮೇಲೆ, ಬಿಳಿ ಹೊದಿಕೆಯೊಳಗೆ, ಬಿಸಿಗಾಳಿಯ ಕೊಳವೆ ಕಚ್ಚಿಕೊಂಡು... ರಾಕೆಟ್ ಮಲಗಿತ್ತು. ಇಡೀ ರಾಕೆಟ್!

ರಿಸ್ತೆನ್‌ಗೆ ಮೊದಲು ಅರ್ಥವಾಗಲಿಲ್ಲ.

"ಇದು... ಇನ್ನೊಂದಾ?"

"ಇನ್ನೊಂದು ಎಲ್ಲಿಂದ ಬರಬೇಕು? ಅವನ ಹತ್ತಿರ ಇರೋದೇ ಇದೊಂದು."

"ಮತ್ತೆ ಆ ಮೋಡಗಳು? ನನ್ನ ಕಣ್ಣಾರೆ ನೋಡಿದೆ!"

"ಎಲ್ಲರೂ ನೋಡಿದೆವು. ಪಕ್ಕದ ದೇಶ ನಾರ್ವೆಯವರದ್ದು. ಬೆಟ್ಟದ ಆಚೆ, ಸಮುದ್ರದ ದಂಡೆಯಿಂದ ಹಾರಿಸಿದ್ದು. ಮೇಲಿನ ಗಾಳಿ ಯಾವ ಕಡೆ ಬೀಸುತ್ತೆ ಅಂತ ನೋಡೋಕೆ ಆವಿ ಬಿಡ್ತಾರೆ. ಅಷ್ಟು ಎತ್ತರದ್ದು ಇಲ್ಲಿಗೂ ಕಾಣುತ್ತೆ. ಬೀಳೋದು ಸಮುದ್ರಕ್ಕಾದ್ದರಿಂದ ನಿಮ್ಮ ಊರಿಗೆ ಯಾರೂ ಹೇಳಲ್ಲ."

ರಿಸ್ತೆನ್ ಹಳಿಯನ್ನು ಹಿಡಿದುಕೊಂಡಳು. ಕಬ್ಬಿಣ ತಣ್ಣಗಿತ್ತು.

"ನಿನ್ನೆ ಸಂಜೆ," ಗುನ್ವೋರ್ ಮುಂದುವರಿಸಿದಳು, "ಅವನ ಪ್ರೊಫೆಸರ್ ದಕ್ಷಿಣದಿಂದ ಫೋನಿನಲ್ಲಿ ಕಿರುಚಾಡಿದ್ರು. ಇಂಥ ಆಕಾಶ ಮತ್ತೆ ಸಿಗಲ್ಲ, ಹಾರಿಸು, ಯಾರಿಗೆ ಗೊತ್ತಾಗುತ್ತೆ ಅಂತ. ಇವನು, 'ಅವಳು ಇಲ್ಲ ಅಂದಿದಾಳೆ' ಅಂದ. ಅಷ್ಟೇ. ಹೊರಗೆ ಹೋಗಿ ಹಿಮದಲ್ಲಿ ಕೂತು ಪೂರ್ತಿ ನೋಡಿದ. ನಾನು ಕಾಫಿ ಕೊಡೋಕೆ ಹೋದಾಗ ಅಳ್ತಾ ಇದ್ದ."

ರಿಸ್ತೆನ್ ತುಟಿ ಕಚ್ಚಿಕೊಂಡಳು.

ಹೊರಗೆ ಬಂದು ಸ್ಕೂಟರ್ ಹತ್ತಿದ ಮೇಲೆ ಅವಳಿಗೆ ಒಂದೇ ಪ್ರಶ್ನೆ ಉಳಿದಿತ್ತು. "ದೊಡ್ಡಪ್ಪ... ಹಾಗಾದ್ರೆ ಹಿಂಡು ಬೆದರಿದ್ದು ಯಾಕೆ? ಶಬ್ದವೇ ಬಂದಿಲ್ಲವಲ್ಲ!"

ದೊಡ್ಡಪ್ಪ ಕೈಗವಸು ಸರಿಮಾಡಿಕೊಳ್ಳುತ್ತಾ ಆಚೆ ನೋಡಿದರು.

"ಬಂದಿತ್ತಲ್ಲ, ಮಗಳೇ."

"ಯಾವುದು?"

"ನೀನು."

ಅವಳು ಮುಂದಕ್ಕೆ ಬಾಗಿ ಅವರ ಮುಖ ನೋಡಿದಳು.

"ಆ ಬೆಳಕು ಕಂಡು ಅವು ಮೊದಲೇ ಕಿವಿ ನಿಮಿರಿಸಿಕೊಂಡಿದ್ವು. ನೀನು ಕೂಗಿ ಕೋಲು ಬೀಸಿದ್ದೇ ತಡ, ಓಟ ಕಿತ್ವು."

"ಅಯ್ಯೋ... ಮೊದಲೇ ಯಾಕೆ ಹೇಳಲಿಲ್ಲ ನೀವು? ಸಭೆಯಲ್ಲಿ ನಿಮ್ಮೆದುರಿಗೇ ಅವನನ್ನ ಅಷ್ಟೊಂದು ಅಂದೆ!"

"ನೀನು ಯಾರಿಗಾದ್ರೂ ಮಾತಾಡೋಕೆ ಬಿಟ್ಟಿದ್ಯಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆಯ ಸಿಟ್ಟಿಗೆ ಒಂದು ಜೀವ ಹೋಗಿತ್ತು. ಇವತ್ತಿನ ಸಿಟ್ಟಿಗೆ ಇನ್ನೊಬ್ಬ ಹೋಗುವುದರಲ್ಲಿದ್ದ. ರಿಸ್ತೆನ್ ದೊಡ್ಡಪ್ಪನ ಬೆನ್ನಿಗೆ ಮುಖವೊತ್ತಿ, ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತಳು.

* * *

ಮಧ್ಯಾಹ್ನ ಅವಳು ಮತ್ತೆ ಕೇಂದ್ರಕ್ಕೆ ಬಂದಾಗ ಆಲ್ರಿಕ್ ಅಲ್ಲಿನ ತನ್ನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ನೋಡಿದೆ," ಎಂದಳು ರಿಸ್ತೆನ್.

"ಸಂತೋಷ."

"ತಪ್ಪಾಯ್ತು. ಹಿಂಡು ಓಡಿಸಿದ್ದೂ ನಾನೇ. ಎಲ್ಲಾ ನಂದೇ ತಪ್ಪು."

"ಸರಿ."

ಆ 'ಸರಿ' ಅವಳ ಎದೆಗೆ ನಾಟಿತು.

"ಸರಿ ಅಂದ್ರೆ? ಬೈಯಿರಿ ನನ್ನ! ನಾನು ಅಷ್ಟು ಜನರ ಮುಂದೆ ಕಳ್ಳ ಅಂದೆ. ರಾಕೆಟ್ ಅಲ್ಲೇ ಇದೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಈಗಲೂ ನನಗೇ ಬೈತಿದೀರಲ್ಲ!"

"ಹೌದು, ಬೈತೀನಿ!"

ಅವನು ಮಡಚಿದ ಅಂಗಿಯನ್ನು ಕೆಳಗಿಟ್ಟ. "ರಿಸ್ತೆನ್, ನನ್ನ ಆಕಾಶ ಹೋಯ್ತು. ಅದಕ್ಕೆ ನಾನು ಅತ್ತೆ, ನಿಜ. ಆದ್ರೆ ನಿಮ್ಮ ಮೇಲೆ ಒಂದು ಚೂರೂ ಬೇಜಾರಿರಲಿಲ್ಲ. ನೀವು ಇಲ್ಲ ಅಂದಿರಿ ಅಂದ್ರೆ ಅದರಲ್ಲಿ ಅರ್ಥ ಇರುತ್ತೆ ಅಂತ ನಂಬಿದೆ. ನನ್ನ 'ಸರಿ'ಗೂ ಅಷ್ಟೇ ಬೆಲೆ ಇದೆ ಅಂದುಕೊಂಡಿದ್ದೆ. ಇಲ್ಲ ಅಂತ ಗೊತ್ತಾಯ್ತು. ಅದು ಸಾರಿ ಕೇಳಿದ್ರೆ ಹೋಗೋ ನೋವಲ್ಲ."

ಇಂಥ ಹೊತ್ತಿನಲ್ಲಿ ಕಾಲು ಹಿಡಿಯುವ ನಾಯಕಿಯರಿದ್ದಾರೆ, ಮೂರ್ಛೆ ಹೋಗುವವರಿದ್ದಾರೆ. ಇವಳು ಬಾಗಿಲನ್ನು ಧಡಾರನೆ ಹಾಕಿಕೊಂಡು ನೇರ ಗುನ್ವೋರ್ ಬಳಿ ಹೋದಳು.

"ರಾಕೆಟ್ ಯಾವಾಗ ಬಿಚ್ಚುತ್ತೀರಿ?"

"ಅದನ್ನ ವಾಪಸ್ ಸಾಗಿಸೋ ಪೆಟ್ಟಿಗೆ ಬರೋಕೆ ಇನ್ನೂ ಕೆಲವು ದಿನ ಇದೆ. ಅಲ್ಲಿವರೆಗೂ ಅದು ಹಳಿ ಮೇಲೇ ಇರುತ್ತೆ."

"ಬಯಲು ಖಾಲಿ ಇದ್ರೆ ಹಾರಿಸಬಹುದಾ?"

"ಬಯಲು ಖಾಲಿ ಇದ್ದು, ಬೆಳಕು ಎದ್ರೆ ನಾನ್ಯಾಕೆ ತಡೀಲಿ?" ಗುನ್ವೋರ್ ಕನ್ನಡಕದ ಮೇಲಿಂದ ನೋಡಿದಳು. "ಆದ್ರೆ ಬಯಲು ಖಾಲಿ ಹೇಗಾಗುತ್ತೆ?"

* * *

ಸಂಜೆ ಸಭಾಗೃಹದಲ್ಲಿ ಊರಿನವರೆಲ್ಲ ಮತ್ತೆ ಸೇರಿದರು. ರಿಸ್ತೆನ್ ನಿಂತಳು.

"ಬೆಳಿಗ್ಗೆ ಇಲ್ಲಿ ಒಬ್ಬರನ್ನ ಕಳ್ಳ ಅಂದೆ. ಅವರು ಹಾರಿಸಿಲ್ಲ. ನಾನು ಇಲ್ಲ ಅಂದೆ ಅನ್ನೋ ಒಂದೇ ಕಾರಣಕ್ಕೆ ಐದು ವರ್ಷದ ಕೆಲಸ ಕೈಬಿಟ್ಟರು. ಹಿಂಡು ಬೆದರಿದ್ದು ನನ್ನ ಬಾಯಿಗೆ. ನಿಮ್ಮ ಹೆಣ್ಣುಗಳೂ ನನ್ನಿಂದ ಸಾಯೋದ್ರಲ್ಲಿದ್ವು, ಹೇಗೋ ಉಳಿದವು. ತಪ್ಪಾಯ್ತು."

ಅವಳು ಕೂರದೆ ಮುಂದುವರಿಸಿದಳು.

"ಹಿಂಡನ್ನ ಗುಡ್ಡದಾಚೆ ಹೊಡೀಬೇಕು. ನಾಳೆಯೇ."

"ಅಲ್ಲಿ ಹಿಮ ಕಲ್ಲಾಗಿದೆ!" ಎಂದ ಒಬ್ಬ. "ತಿನ್ನೋದೇನು, ನಿನ್ನ ತಪ್ಪನ್ನಾ?"

"ಮೇವಿನ ಮೂಟೆ ನಾನು ಹೊತ್ತು ಹಾಕ್ತೀನಿ. ಹಳೇ ಮರದ ಪಾಚಿ ಕೊಯ್ದು ಹಾಕ್ತೀನಿ. ಒಂದು ಹೆಣ್ಣೂ ಹಸಿದಿರೋ ಹಾಗೆ ಮಾಡಲ್ಲ."

"ಒಬ್ಬಳೇನಾ?"

"ಒಬ್ಬಳೇ!"

"ದಕ್ಷಿಣದವನಿಗೋಸ್ಕರ ಇಷ್ಟೆಲ್ಲಾನಾ?" ಮತ್ತೊಬ್ಬಳು ನಕ್ಕಳು.

"ಹೌದು, ಅವನಿಗೋಸ್ಕರವೇ! ನಮ್ಮ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಇಷ್ಟು ವರ್ಷ ಎಲ್ಲರ ಮೇಲೂ ಉರಿದುಬಿದ್ದೆವು. ಒಬ್ಬ ಕೊಟ್ಟ. ಅವನಿಗೆ ನಾವು ಕೊಟ್ಟದ್ದೇನು? ಬೈಗುಳ! ನಿಮಗೆ ನಾಚಿಕೆ ಆಗಲ್ವಾ? ನನಗಾಗುತ್ತೆ!"

ಯೋವ್ನಾ ದೊಡ್ಡಪ್ಪ ಎದ್ದು ಟೊಪ್ಪಿ ಹಾಕಿಕೊಂಡರು. "ನನ್ನ ಸ್ಕೂಟರಿಗೆ ಎಣ್ಣೆ ತುಂಬಬೇಕು," ಎಂದರು, ಅಷ್ಟೇ. ಅವರ ಹಿಂದೆ ಒಬ್ಬೊಬ್ಬರೇ ಗೊಣಗುತ್ತಾ ಎದ್ದರು.

ಹಿಂಡು ಗುಡ್ಡ ದಾಟಲು ಎರಡು ದಿನ ಹಿಡಿಯಿತು. ಬೆನ್ನು ಮುರಿಯುವ ಕೆಲಸ. ಮೂಟೆ ಹೊತ್ತು ರಿಸ್ತೆನ್‌ಳ ಹೆಗಲು ಕಂದಿತು. ಕೊನೆಯ ಹೆಣ್ಣು ಆಚೆ ಇಳಿದ ಮೇಲೆ ಕೇಂದ್ರಕ್ಕೆ ಫೋನ್ ಮಾಡಿದಳು. ಎತ್ತಿದ್ದು ಆಲ್ರಿಕ್.

"ಬಯಲು ಖಾಲಿ ಇದೆ," ಎಂದಳು. "ಇನ್ನು ನಿಮ್ಮ ಆಕಾಶ ಉಂಟು, ನೀವುಂಟು."

ಉತ್ತರ ಕೇಳುವ ಧೈರ್ಯವಿಲ್ಲದೆ ಇಟ್ಟುಬಿಟ್ಟಳು.

* * *

ಮೊದಲ ಸಂಜೆ ಮೋಡ. ಎರಡನೆಯ ಸಂಜೆ ತೆಳ್ಳಗಿನ ಹಸಿರು ಪಟ್ಟಿಯೊಂದು ಎದ್ದಿತು. ಅಂಥ ಅದ್ಭುತವೇನಲ್ಲ, ಚಳಿಗಾಲದಲ್ಲಿ ವಾರಕ್ಕೆರಡು ಬಾರಿ ಕಾಣುವಂಥದ್ದೇ. ಪಟ್ಟಿ ಸ್ವಲ್ಪ ನಡುಗಿತು, ಒಂದು ತುದಿಯಲ್ಲಿ ಮಡಚಿಕೊಂಡಿತು.

ಆಗ ಕಾಡಿನಾಚೆಯಿಂದ ಒಂದು ಕಿಡಿ ನೇರ ಮೇಲೇರಿತು!

ಹಿಮಸಾರಂಗಗಳು ತಲೆ ಎತ್ತಿದವು. ತಡವಾಗಿ ಬಂದ ಗುಡುಗು ಗುಡ್ಡಕ್ಕೆ ಬಡಿದು ಇಳಿದುಹೋಯಿತು. ರಿಸ್ತೆನ್ ಹಿಂಡಿನ ನಡುವೆ ನಿಂತು, ಹತ್ತಿರದ ಹೆಣ್ಣಿನ ಕತ್ತು ಸವರುತ್ತಾ, ಬೆಳಕಿನೊಳಗೆ ಕಿಡಿ ಮುಳುಗುವುದನ್ನು ನೋಡಿದಳು. *ಹೋಗು... ಹೋಗು... ಚೆನ್ನಾಗಿ ನೋಡಿಕೊಂಡು ಬಾ...*

ಊಟದ ಹೊತ್ತಿಗೆ ಗುಡ್ಡದ ಮೇಲಿಂದ ಒಂದು ಸ್ಕೂಟರ್ ಇಳಿದು ಬಂತು. ತುಂಬಾ ದೂರದಲ್ಲೇ ಎಂಜಿನ್ ನಿಂತಿತು. ಬಂದವನು ಮಂಡಿಯವರೆಗಿನ ಹಿಮದಲ್ಲಿ ಎಡವುತ್ತಾ ನಡೆದು ಬಂದ.

ರಿಸ್ತೆನ್ ಹಿಂಡಿನ ನಡುವಿಂದ ಎರಡು ಹೆಜ್ಜೆ ಮುಂದೆ ಬಂದಳು.

"ಸಿಕ್ತಾ?" ಪಿಸುಗುಟ್ಟಿದಳು.

"ಅರ್ಧ." ಆಲ್ರಿಕ್ ಏದುಸಿರು ಬಿಟ್ಟ. "ರಾಕೆಟ್ ಹಾದುಹೋದ ಮೇಲೆ ಪಟ್ಟಿ ಒಡೀತು. ಒಡೆಯೋ ಕ್ಷಣ ತಪ್ಪಿಹೋಯ್ತು."

"ಏನು? ಎರಡು ದಿನ ಬೆನ್ನು ಮುರ್ಕೊಂಡು..." ಅವಳ ದನಿ ಏರತೊಡಗಿತು, ತಗ್ಗಿಸಿಕೊಂಡಳು. ಹಲ್ಲು ಕಚ್ಚಿ ಪಿಸುದನಿಯಲ್ಲೇ ಉರಿದಳು. "ಈ ಆಕಾಶಕ್ಕೆ ಕರುಣೆ ಅನ್ನೋದು ಇದೆಯಾ? ಬೇಡ ಅಂದ ದಿನ ಊರೆಲ್ಲಾ ಮೆರೆಯುತ್ತೆ, ಬೇಕು ಅಂದ ದಿನ ಸೋಮಾರಿ ಹಾಗೆ ಬಿದ್ಕೊಳ್ಳುತ್ತೆ! ನಿಮ್ಮ ಐದು ವರ್ಷ..."

ಕಣ್ಣೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟುತ್ತಿತ್ತು.

ಆಲ್ರಿಕ್ ನಗುತ್ತಿದ್ದ! "ನನ್ನ ಪರವಾಗಿ ಆಕಾಶಕ್ಕೆ ಬೈದವರು ಇದುವರೆಗೂ ಯಾರೂ ಇರಲಿಲ್ಲ."

"ನಗಬೇಡಿ! ನಂಗೆ ಎಷ್ಟು ಸಂಕಟ ಆಗ್ತಿದೆ ಗೊತ್ತಾ? ಅವತ್ತು ನಿಮ್ಮ ಕೋಣೆಯಲ್ಲಿ ಕೇಳಿದ್ರಲ್ಲ, ನಿಮ್ಮ ಮಾತಿಗೆ ಬೆಲೆ ಇಲ್ವಾ ಅಂತ... ಇತ್ತು. ಅದಕ್ಕೇ ಅಷ್ಟು ಉರಿ. ಸಂಬಂಧ ಇಲ್ಲದವನು ಮೋಸ ಮಾಡಿದ್ರೆ ಯಾರು ಹಾಗೆ ಕಿರುಚ್ತಾರೆ? ಆ ಮೋಡ ಕಂಡಾಗ ನನಗೆ ಹಿಂಡಿನ ಯೋಚನೆಯೇ ಬರಲಿಲ್ಲ ಆಲ್ರಿಕ್. ಅಯ್ಯೋ, ಇವನೂ ಹೀಗಾ ಅಂತ ಅನಿಸ್ತು. ನಾನು... ನಿಮ್ಮನ್ನ ಅಷ್ಟು ಹಚ್ಕೊಂಡಿದ್ದೆ. ಹಚ್ಕೊಂಡಿದೀನಿ."

ಹಿಮಸಾರಂಗವೊಂದು ಹತ್ತಿರ ಬಂದು ಅವನ ಜೇಬನ್ನು ಮೂಸಿತು. ಅವನು ಅಲುಗಾಡದೆ ನಿಂತಿದ್ದ.

"ಆ ಅರ್ಧ ಸಿಕ್ಕಿದ್ದು ಸಾಕು ನನಗೆ," ಎಂದ ಕೊನೆಗೆ. "ಉಳಿದರ್ಧಕ್ಕೆ ಇನ್ನೊಂದು ರಾಕೆಟ್ ಕಟ್ಟಬೇಕು. ವರ್ಷಗಳೇ ಹಿಡೀಬಹುದು."

ರಿಸ್ತೆನ್ ಮೂಗು ಒರೆಸಿಕೊಂಡಳು. ಕೇಳಬಾರದೆಂದುಕೊಂಡೇ ಕೇಳಿದಳು. "ಮತ್ತೆ... ಯಾವಾಗ ಬರ್ತೀರಿ?"

"ಹೋದ್ರೆ ತಾನೆ ಬರೋ ಮಾತು?"

"ಅಂದ್ರೆ?"

"ಗುನ್ವೋರ್ ಇಲ್ಲೇ ಕೆಲಸ ಕೊಟ್ಟಿದಾರೆ. ಬೆಳಿಗ್ಗೆ ಒಪ್ಪಿಕೊಂಡೆ."

"ಬೆಳಿಗ್ಗೆ!" ಅವಳ ಕಣ್ಣು ಅಗಲವಾಯಿತು. "ಬೆಳಿಗ್ಗೆಯೇ ಗೊತ್ತಿತ್ತಾ? ನಾನಿಲ್ಲಿ ದಿನವಿಡೀ ಅಳ್ತಾ ಕೂತಿದೀನಿ, ಒಂದು ಫೋನ್ ಮಾಡಿ ಹೇಳೋಕೆ ಏನಾಗಿತ್ತು ನಿನಗೆ?"

ಆಲ್ರಿಕ್ ಅವಳ ಕಂದಿದ ಹೆಗಲಿನ ಮೇಲೆ ಹಗುರವಾಗಿ ಕೈಯಿಟ್ಟ.

"ಫೋನಲ್ಲಿ ಹೇಳಿದ್ರೆ, ನಿನ್ನ ಈ ಮುಖ ನೋಡೋಕೆ ಸಿಗ್ತಿತ್ತಾ?"